ಏಳು ಗಂಟೆಯ ಕೆಮ್ಮು

ಬಾಯ್ಲ್ ಊರಿನ ಫಿಂಟನ್ ಟಾರ್ಪಿ ಇಪ್ಪತ್ತೈದು ವರ್ಷ ಪ್ರತಿ ಸಂಜೆ ಏಳು ಗಂಟೆಗೆ ಒಬ್ಬ ಹೆಂಗಸಿನ ಜೊತೆ ಕೂತು ಕೆಮ್ಮಿದ. ಜೊತೆಯಲ್ಲಿ ಎಂದರೆ ಒಂದೇ ಕೋಣೆಯಲ್ಲಲ್ಲ. ಅವನು ರಾಸ್‌ಕಾಮನ್ ಜಿಲ್ಲೆಯ ತನ್ನ ಅಡುಗೆಮನೆಯಲ್ಲಿ, ಅವಳು ಡೊನೆಗಾಲ್ ಜಿಲ್ಲೆಯ ಅರ್ಡಾರಾದಲ್ಲಿ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ, ನಡುವೆ ಒಂದು ಟೆಲಿಫೋನು. ಊರಿಗೆಲ್ಲ ಇದು ಗೊತ್ತಿತ್ತು. ಏಳರಿಂದ ಎಂಟರವರೆಗೆ ಟಾರ್ಪಿ ಮನೆಯ ಬಾಗಿಲು ತಟ್ಟುವವರು ಇರಲಿಲ್ಲ. ಕೆಲವರು ಅದನ್ನು ಪ್ರೀತಿ ಎಂದರು, ಕೆಲವರು ಹುಚ್ಚು ಎಂದರು. ಎರಡೂ ಸುಳ್ಳಲ್ಲ, ಆದರೆ ಎರಡು ಮಾತೂ ಸಾಲುವುದಿಲ್ಲ.

ಅವರಿಬ್ಬರ ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ತಾಯಿಯಿಂದ ಒಂದು, ತಂದೆಯಿಂದ ಒಂದು ಕೆಟ್ಟ ಜೀನು ಬಂದು ಸೇರಿದರೆ ಹುಟ್ಟುವ ಮಗುವಿನ ಎದೆಯಲ್ಲಿ ಕಫ ಗೋಂದಿನ ಹಾಗೆ ಅಂಟಿ ಕೂರುತ್ತದೆ. ಅದರಲ್ಲಿ ಕ್ರಿಮಿಗಳು ಮನೆ ಮಾಡುತ್ತವೆ, ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ಕೆಡುತ್ತ ಹೋಗುತ್ತದೆ. ಜನಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಐರ್ಲೆಂಡಿನಲ್ಲಿರುವಷ್ಟು ಈ ಕಾಯಿಲೆಯವರು ಬೇರೆಲ್ಲೂ ಇಲ್ಲವಂತೆ. ಇಂಥ ವಿಷಯಗಳಲ್ಲಿ ಮೊದಲ ಸ್ಥಾನ ನಮಗೆ ಸುಲಭವಾಗಿ ಸಿಗುತ್ತದೆ.

ಫಿಂಟನ್ ಹುಟ್ಟಿದ್ದು 1980ರಲ್ಲಿ. ಮಗುವಿನ ಹಣೆಗೆ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ತಾಯಿ ಡಿಲಿಯಾ ಅದನ್ನು ಹೇಳಿದ ಕೂಡಲೇ ಡಾಕ್ಟರಿಗೆ ಕಾಯಿಲೆ ಗೊತ್ತಾಯಿತು. ಹತ್ತು ವರ್ಷ ಕಂಡರೆ ದೊಡ್ಡದು ಎಂದು ಅವರು ಕಿಟಕಿ ಕಡೆ ನೋಡುತ್ತ ಹೇಳಿದರು. ಡಿಲಿಯಾ ಅಳುತ್ತ ಕೂರುವ ಹೆಂಗಸಲ್ಲ. ದಿನಕ್ಕೆರಡು ಸಲ ಮಗನನ್ನು ತೊಡೆಯ ಮೇಲೆ ತಲೆ ಕೆಳಗಾಗಿ ಮಲಗಿಸಿಕೊಂಡು, ಅಂಗೈ ಬಟ್ಟಲು ಮಾಡಿ ಇಪ್ಪತ್ತು ನಿಮಿಷ ಬೆನ್ನು ಬಡಿಯುತ್ತಿದ್ದಳು. ರೇಡಿಯೋದಲ್ಲಿ ಕುಣಿತದ ಪಿಟೀಲು ಬಂದರೆ ಅದರ ತಾಳಕ್ಕೇ ಬಡಿಯುತ್ತಿದ್ದಳು. ಕಫ ಸಡಿಲವಾಗಿ ಮಗು ಕೆಮ್ಮಿ ಉಗಿದರೆ ಆ ಹೊತ್ತು ಗೆದ್ದ ಹಾಗೆ. ಆ ಕಾಲಕ್ಕೆ ಇದ್ದ ದೊಡ್ಡ ಚಿಕಿತ್ಸೆ ಅಂದರೆ ಅವಳ ಎರಡು ಕೈ.

ಹತ್ತು ದಾಟಿತು, ಹದಿನೈದೂ ದಾಟಿತು. ಊಟದ ಜೊತೆ ನುಂಗುವ ಜೀರ್ಣದ ಗುಳಿಗೆಗಳು ಸುಧಾರಿಸಿದವು. ಮದ್ದನ್ನು ಹಬೆ ಮಾಡಿ ಎದೆಗೆ ಕಳಿಸುವ ನೆಬ್ಯುಲೈಸರ್ ಬಂತು. ಕಫವನ್ನು ತೆಳ್ಳಗೆ ಮಾಡುವ ಔಷಧ ಬಂತು, ತೋಳಿಗೆ ನಳಿಕೆ ಹಾಕಿಕೊಂಡು ಮನೆಯಲ್ಲೇ ಏರಿಸಿಕೊಳ್ಳುವ ಆಂಟಿಬಯಾಟಿಕ್ ಬಂತು. ಒಂದೊಂದು ಬಂದಾಗಲೂ ಡಾಕ್ಟರುಗಳು ಫಿಂಟನ್‌ನ ಸಾವನ್ನು ನಾಲ್ಕೈದು ವರ್ಷ ಮುಂದಕ್ಕೆ ಹಾಕುತ್ತಿದ್ದರು. ಬದುಕುತ್ತೀಯ ಎಂದು ಮಾತ್ರ ಯಾರೂ ಹೇಳಲಿಲ್ಲ. ಇನ್ನೂ ಸ್ವಲ್ಪ ಇದೆ ಎನ್ನುತ್ತಿದ್ದರು. ಆ ಇನ್ನೂ ಸ್ವಲ್ಪದಲ್ಲೇ ಬೆಳೆದವನಿಗೆ ಮದುವೆಗಾಗಲಿ, ದೊಡ್ಡ ಓದಿಗಾಗಲಿ ಕೈ ಹಾಕುವ ಧೈರ್ಯ ಬರಲಿಲ್ಲ. ಮುಗಿಸಲಾಗದ್ದನ್ನು ಶುರು ಮಾಡುವುದು ಯಾಕೆ ಎಂದುಕೊಂಡ.

ಎತ್ನಾ ಮೆಗಿನ್ಲಿ ಅವನಿಗೆ ಸಿಕ್ಕಿದ್ದು ಡಬ್ಲಿನ್‌ನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಇಬ್ಬರಿಗೂ ಒಂಬತ್ತು ವರ್ಷವಾಗಿದ್ದಾಗ. ಪಕ್ಕದ ಮಂಚದವಳು. ಮೂಳೆ ಚಕ್ಕಳ, ಬಾಯಿ ಮಾತ್ರ ಬಲು ಜೋರು. ಅಂದಿನಿಂದ ಆರು ವರ್ಷ, ವರ್ಷಕ್ಕೆ ಮೂರು ನಾಲ್ಕು ಸಲ ಅವರು ಆ ವಾರ್ಡಿನಲ್ಲಿ ಕೂಡುತ್ತಿದ್ದರು. ಒಂದೇ ಪೊಟ್ಟಣದಿಂದ ಆಲೂಗಡ್ಡೆ ಚಿಪ್ಸ್ ತಿಂದರು, ಒಂದೇ ಮಂಚದ ಮೇಲೆ ಕೂತು ಇಸ್ಪೀಟಾಡಿದರು, ಯಾರ ಬಟ್ಟಲಿನ ಕಫ ಹೆಚ್ಚು ಎಂದು ಪಂದ್ಯ ಕಟ್ಟಿದರು. ಎತ್ನಾ ಪ್ರತಿ ಸಲವೂ ಮೋಸ ಮಾಡುತ್ತಿದ್ದಳು, ಬಟ್ಟಲಿಗೆ ಗಂಜಿ ಸೇರಿಸಿಬಿಡುತ್ತಿದ್ದಳು.

ಆಮೇಲೆ 1995ರಲ್ಲಿ ನಿಯಮ ಬಂತು. ಈ ಕಾಯಿಲೆಯವರು ಒಬ್ಬರಿಂದೊಬ್ಬರಿಗೆ ಅತಿ ಕೆಟ್ಟ ಕ್ರಿಮಿಗಳನ್ನು ದಾಟಿಸುತ್ತಾರೆ ಎಂದು ವೈದ್ಯರು ಕಂಡುಹಿಡಿದಿದ್ದರು. ಬೇರೆಯವರಿಗೆ ಏನೂ ಮಾಡದ ಕ್ರಿಮಿ ಇವರ ಎದೆಗೆ ಹೊಕ್ಕರೆ ಕೊಲ್ಲುತ್ತದೆ. ಮಕ್ಕಳ ಬೇಸಿಗೆ ಶಿಬಿರ ನಿಂತಿತು, ವಾರ್ಡಿಗೆ ಗೋಡೆಗಳು ಬಂದವು. ಈ ಕಾಯಿಲೆಯ ಇಬ್ಬರು ಇನ್ನು ಒಂದು ಕೋಣೆಯಲ್ಲಿರಕೂಡದು. ನನ್ನನ್ನು ಕೇಳಿದರೆ ಇದಕ್ಕಿಂತ ನ್ಯಾಯವಾದ ನಿಯಮವೂ ಇಲ್ಲ, ಕ್ರೂರವಾದದ್ದೂ ಇಲ್ಲ. ಇವರ ಸಂಕಟ ಏನೆಂದು ತಿಳಿದವರು ಲೋಕದಲ್ಲಿ ಇರುವುದೇ ಕೆಲವೇ ಜನ, ಅವರ ಹತ್ತಿರವೇ ಹೋಗಬೇಡಿ ಎಂದರೆ ಎಲ್ಲಿಗೆ ಹೋಗಬೇಕು.

ಹದಿನೈದರ ಎತ್ನಾ ಆ ಸಂಜೆಯೇ ಫೋನು ಮಾಡಿದಳು.

"ಏನೋ ಟಾರ್ಪಿ, ಇನ್ನೂ ಉಸಿರಾಡ್ತಿದ್ದೀಯಾ?"

"ಅಭ್ಯಾಸ ಬಿದ್ದೋಗಿದೆ, ಬಿಡಕ್ಕಾಗ್ತಿಲ್ಲ."

"ಏಳು ಗಂಟೆಗೆ ನಾನು ಮದ್ದು ತಗೋತೀನಿ. ನೀನೂ ಅದೇ ಹೊತ್ತಿಗೆ ತಗೋ. ಒಬ್ಳೇ ಕೆಮ್ಮಿ ಕೆಮ್ಮಿ ಬೇಜಾರು ನಂಗೆ."

ಹಾಗೆ ಶುರುವಾಯಿತು. ಮೊದಲು ಇಪ್ಪತ್ತು ನಿಮಿಷ ನೆಬ್ಯುಲೈಸರ್, ಬಾಯಲ್ಲಿ ನಳಿಕೆ ಇರುವುದರಿಂದ ಮಾತಿಲ್ಲ, ಎರಡು ಯಂತ್ರಗಳ ಗುರ್ ಸದ್ದು ಮಾತ್ರ. ಆಮೇಲೆ ಉಸಿರಿನ ವ್ಯಾಯಾಮ. ಎತ್ನಾ ಎಣಿಸುವಳು, ನಾಲ್ಕು ಸಲ ಆಳವಾಗಿ ಎಳೆದು, ಕನ್ನಡಿಗೆ ಹಬೆ ಹಿಡಿಸುವ ಹಾಗೆ ಮೂರು ಸಲ ಜೋರಾಗಿ ಬಿಟ್ಟು, ಆಮೇಲೆ ಕೆಮ್ಮುವುದು. ನಡುನಡುವೆ ಊರ ಸುದ್ದಿ. ಯಾರಿಗೆ ಏನಾದರೂ ಅವರು ಏಳು ಗಂಟೆ ತಪ್ಪಿಸಲಿಲ್ಲ. ಒಬ್ಬರು ಆಸ್ಪತ್ರೆಯಲ್ಲಿದ್ದರೆ ಅಲ್ಲಿಂದ, ಫಿಂಟನ್‌ನ ತಾಯಿ ಸತ್ತ ದಿನವೂ ಕೂಡ.

ಅದು 2009. ಚರ್ಚಿನ ಅಂಗಳದಲ್ಲಿ ಊರೆಲ್ಲ ಸಾಲು ನಿಂತು ಫಿಂಟನ್‌ನ ಕೈ ಕುಲುಕಿತು, ನಿನ್ನ ದುಃಖಕ್ಕೆ ನಾವಿದ್ದೀವಿ ಎಂದು ಒಬ್ಬೊಬ್ಬರೂ ಹೇಳಿ ಮುಂದೆ ಹೋದರು. ಅವನ ಜೇಬಿನಲ್ಲಿ ಫೋನು ಅಲುಗಿತು. ತೆಗೆದರೆ ಎತ್ನಾ. ರಸ್ತೆಯಾಚೆ ಕಲ್ಲುಗೋಡೆಯ ಹತ್ತಿರ ಹಸಿರು ಕೋಟು ಹಾಕಿಕೊಂಡು ನಿಂತಿದ್ದಳು. ಎರಡೂವರೆ ಗಂಟೆ ಅಕ್ಕನ ಕಾರಿನಲ್ಲಿ ಕೂತು ಬಂದಿದ್ದಳು, ಅಷ್ಟು ದೂರದಲ್ಲಿ ನಿಲ್ಲುವುದಕ್ಕೆ.

"ಸಾಲಲ್ಲಿ ನಿಲ್ಲಕ್ಕಾಗಲ್ಲ ಕಣೋ," ಎಂದಳು. "ಇಲ್ಲಿಂದಾನೇ ಹೇಳ್ತೀನಿ. ನಿನ್ನ ದುಃಖಕ್ಕೆ ನಾನಿದ್ದೀನಿ."

ಫಿಂಟನ್ ಕೈ ಎತ್ತಿದ. ಅವಳೂ ಎತ್ತಿದಳು. ಆಮೇಲೆ ಅವರು ಒಬ್ಬರನ್ನೊಬ್ಬರು ಕಣ್ಣಾರೆ ನೋಡಲಿಲ್ಲ. ಕೆಲವು ವರ್ಷಗಳಲ್ಲಿ ಮುಖ ಕಾಣುವ ಫೋನು ಬಂತು, ಎತ್ನಾ ಬೇಡವೆಂದಳು. "ನನ್ನ ಮುಖ ನೋಡಿದ್ರೆ ನೀನು ಕೆಮ್ಮೋದು ಬಿಟ್ಟು ಅಳ್ತೀಯ," ಎಂದು ತಮಾಷೆ ಮಾಡಿದಳು.

ಫಿಂಟನ್‌ಗೆ ಹೊಟ್ಟೆಪಾಡಿಗೆ ಒಂದು ಕೆಲಸವಿತ್ತು, ಅದನ್ನೂ ಹೇಳಬೇಕು. ನಮ್ಮ ಕಡೆ ಜಿಲ್ಲೆಯ ರೇಡಿಯೋದಲ್ಲಿ ದಿನಕ್ಕೆ ಮೂರು ಹೊತ್ತು ಸತ್ತವರ ಹೆಸರು ಓದುತ್ತಾರೆ. ಯಾರು, ಯಾವ ಹಳ್ಳಿ, ಯಾರ ಹೆಂಡತಿ, ಶವ ಯಾವ ಮನೆಯಲ್ಲಿದೆ, ಪೂಜೆ ಎಷ್ಟು ಗಂಟೆಗೆ. ಆ ಹೊತ್ತಿಗೆ ಅಡುಗೆಮನೆಗಳಲ್ಲಿ ಕೆಟಲಿನ ಸದ್ದು ಕೂಡ ಆಗಬಾರದು. ಶವಸಂಸ್ಕಾರದವರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ತಪ್ಪಿಲ್ಲದೆ ಟೈಪು ಮಾಡಿ ಕೊಡುವುದು ಫಿಂಟನ್‌ನ ಕೆಲಸ. ಓದುವವನು ಪಾಸ್ಕಲ್ ಬೇರ್ನ್, ಅರವತ್ತು ದಾಟಿದವನು, ಬೆಣ್ಣೆಯಂಥ ಗಂಟಲು. ಎತ್ನಾ ಅರ್ಡಾರಾದಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಅದನ್ನು ದಿನವೂ ಕೇಳುತ್ತಿದ್ದಳು. ತನಗೆ ಒಬ್ಬರೂ ಗೊತ್ತಿಲ್ಲದ ಜಿಲ್ಲೆಯ ಸಾವಿನ ಸುದ್ದಿ ಕೇಳಿ ಏಳು ಗಂಟೆಗೆ ವಿಮರ್ಶೆ ಮಾಡುತ್ತಿದ್ದಳು.

ಆ ಕೆಲಸದಲ್ಲಿ ಅವನಿಗೆ ತನ್ನದೇ ಕಾಯಿಲೆಯವರ ಸಾವೂ ಕೈ ಕೆಳಗೆ ಬರುತ್ತಿತ್ತು. ವಯಸ್ಸು ಓದುವುದಿಲ್ಲ, ಕಾಯಿಲೆ ಹೇಳುವುದಿಲ್ಲ. ಆದರೂ ತಂದೆ ತಾಯಿಯನ್ನು ಅಗಲಿದ್ದಾರೆ ಎಂದು ಬಂದರೆ, ಹೂವಿನ ಬದಲು ಇಂಥ ಸಂಘಕ್ಕೆ ಕೊಡಿ ಎಂದು ಬಂದರೆ, ಅವನ ಬೆರಳು ಕೀಲಿಗಳ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಮಕ್ಕಳ ವಾರ್ಡಿನ ಹನ್ನೊಂದು ಜನರಲ್ಲಿ ಉಳಿದವರು ಅವನು ಮತ್ತು ಎತ್ನಾ. ತನ್ನ ಸಾವಿನ ಸುದ್ದಿಯನ್ನೂ ಅವನು ಇಪ್ಪತ್ತೈದನೇ ವಯಸ್ಸಿನಲ್ಲೇ ಬರೆದಿಟ್ಟಿದ್ದ. ವರ್ಷಕ್ಕೊಮ್ಮೆ ತೆಗೆದು ತಿದ್ದಬೇಕಾಗುತ್ತಿತ್ತು, ಏಕೆಂದರೆ ಅವನನ್ನು ಅಗಲಿ ದುಃಖಪಡಬೇಕಾದವರೇ ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಅಮ್ಮನ ಹೆಸರು ಹೊಡೆದು ಹಾಕಿದ, ಚಿಕ್ಕಪ್ಪಂದಿರನ್ನು ಹೊಡೆದ. ಕೊನೆಗೆ ಅಗಲಿ ಹೋಗುವುದಕ್ಕೆ ಜನವೇ ಇಲ್ಲ ಎಂದು ಎತ್ನಾಳ ಹತ್ತಿರ ನಗುತ್ತ ಹೇಳಿದ, ನಗುತ್ತಲೇ ಹತ್ತು ನಿಮಿಷ ಕೆಮ್ಮಿದ.

2020ರ ವಸಂತದಲ್ಲಿ ಕೊರೋನಾ ಬಂದು ದೇಶಕ್ಕೆ ದೇಶವೇ ಎರಡು ಮೀಟರು ದೂರ ನಿಂತಿತು. "ಅಂತೂ ಎಲ್ರೂ ನಮ್ಮ ಜಾತಿಗೆ ಸೇರಿದ್ರು," ಎಂದಳು ಎತ್ನಾ. "ಎರಡು ತಿಂಗಳಿಗೇ ಅಯ್ಯೋ ಅಪ್ಪಾ ಅಂತಿದ್ದಾರೆ. ಇಪ್ಪತ್ತೈದು ವರ್ಷ ಮಾಡ್ಲಿ ನೋಡೋಣ." ಫಿಂಟನ್ ಮನೆಯಿಂದಲೇ ಟೈಪು ಮಾಡತೊಡಗಿದ. ಆಗಲೇ ಅವನ ಶ್ವಾಸಕೋಶ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸ ಮಾಡುತ್ತಿತ್ತು. ಸ್ನಾನ ಮಾಡಿ ಬಂದರೆ ಕುರ್ಚಿ ಬೇಕಾಗುತ್ತಿತ್ತು.

ಆ ವರ್ಷದ ಶರತ್ಕಾಲದಲ್ಲಿ ಹೊಸ ಮಾತ್ರೆ ಬಂತು. ಹಿಂದಿನ ಮದ್ದುಗಳೆಲ್ಲ ಕಫವನ್ನು ತೆಗೆಯುವವು, ಕ್ರಿಮಿಯನ್ನು ಕೊಲ್ಲುವವು. ಇದು ಹಾಗಲ್ಲ, ಕಫ ಅಂಟಾಗಲು ಕಾರಣವಾದ ಮೂಲದ ತಪ್ಪನ್ನೇ ಸರಿಪಡಿಸುತ್ತದೆ. ಬೆಳಿಗ್ಗೆ ಎರಡು ಕಿತ್ತಳೆ ಬಣ್ಣದ್ದು, ಸಂಜೆ ಒಂದು ನೀಲಿ. ಆದರೆ ಎಲ್ಲರಿಗೂ ನಾಟುವುದಿಲ್ಲ. ಕೆಟ್ಟ ಜೀನಿನಲ್ಲೂ ಬಗೆಗಳಿವೆ. ಹತ್ತರಲ್ಲಿ ಒಂಬತ್ತು ಮಂದಿಗೆ ಇರುವ ಬಗೆ ಫಿಂಟನ್‌ಗೆ ಇತ್ತು. ಎತ್ನಾಳ ಎರಡೂ ಜೀನುಗಳು ಅಪರೂಪದ ಬಗೆಯವು. ಮಾತ್ರೆ ಹಿಡಿದು ತಿದ್ದುವುದಕ್ಕೆ ಅವಳ ಮೈಯಲ್ಲಿ ಏನೂ ಇರಲಿಲ್ಲ. ಇದು ಇಬ್ಬರಿಗೂ ಮೊದಲೇ ಗೊತ್ತಿದ್ದ ವಿಷಯ.

"ನಿಂಗೆ ಮಾತ್ರೆ ಕಾಗದ ಬಂತಾ?" ಎಂದು ಎತ್ನಾ ಸೆಪ್ಟೆಂಬರಿನಲ್ಲಿ ಕೇಳಿದಳು.

ಮಾತ್ರೆ ಶುರು ಮಾಡಲು ಆಸ್ಪತ್ರೆ ಕಳಿಸಿದ ಕಾಗದ ಅವನ ಮುಂದೆ ಮೇಜಿನ ಮೇಲೆ, ಬೆಣ್ಣೆ ತಟ್ಟೆಯ ಪಕ್ಕದಲ್ಲಿ ಇತ್ತು. "ಇಲ್ಲ," ಎಂದ ಫಿಂಟನ್. "ನಮ್ಮ ಕಡೆ ಎಲ್ಲಾ ನಿಧಾನ."

ಯಾಕೆ ಸುಳ್ಳು ಹೇಳಿದೆ ಎಂದು ಅವನಿಗೆ ಆಗ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಆಡಿಬಿಟ್ಟ. ಅವಳಿಗೆ ನೋವಾಗುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ: ಕೆಮ್ಮು ಹೋದರೆ ಎತ್ನಾ ಕೂಡ ಹೋಗುತ್ತಾಳೆ ಎಂದು ಅವನಿಗೆ ಹೆದರಿಕೆಯಾಗಿತ್ತು. ಇಪ್ಪತ್ತೈದು ವರ್ಷದ ಸ್ನೇಹ ನಿಂತಿದ್ದದ್ದು ಎರಡು ಕೆಟ್ಟ ಎದೆಗಳ ಮೇಲೆ. ಒಂದು ನೆಟ್ಟಗಾದರೆ ಇನ್ನೊಂದು ಅದರ ಜೊತೆ ಏನು ಮಾತಾಡೀತು.

ಅಕ್ಟೋಬರ್ ಎಂಟನೇ ತಾರೀಖು ಬೆಳಿಗ್ಗೆ ಅವನು ಬ್ರೆಡ್ಡಿಗೆ ದಪ್ಪ ಬೆಣ್ಣೆ ಸವರಿ ತಿಂದು, ಏಕೆಂದರೆ ಜಿಡ್ಡಿಲ್ಲದೆ ಆ ಮದ್ದು ಮೈಗೆ ಹತ್ತುವುದಿಲ್ಲ, ಎರಡು ಕಿತ್ತಳೆ ಮಾತ್ರೆ ನುಂಗಿದ. ನಾಲ್ಕು ಗಂಟೆಯೂ ಕಳೆದಿರಲಿಲ್ಲ, ಎದೆ ಸಡಿಲಾಯಿತು. ನಲವತ್ತು ವರ್ಷದ ಕಸ ಕದಲಿದ ಹಾಗೆ ಕಫ ಬರತೊಡಗಿತು. ಬಟ್ಟಲು ತುಂಬಿತು, ಪಾತ್ರೆ ತಂದ. ಸಂಜೆವರೆಗೂ ಅದೇ. ಏಳು ಗಂಟೆಗೆ ಎತ್ನಾ, "ಏನೋ ಇವತ್ತು ಭಾರೀ ಜೋರಿದೀಯ, ಸಾಯಕ್ಕೆ ಹೊರಟ್ಯಾ," ಎಂದು ಕೇಳಿದಳು. ಸ್ವಲ್ಪ ಶೀತ ಎಂದ.

ಮರುದಿನ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಫ್ರಿಜ್ಜು ಕೆಟ್ಟಿತೇನೋ ಎಂದು ಹೋಗಿ ನೋಡಿದ. ಸರಿಯಾಗೇ ಇತ್ತು. ಆಮೇಲೆ ತಿಳಿಯಿತು, ನಿಂತಿದ್ದದ್ದು ಅವನ ಎದೆಯ ಸದ್ದು. ಹುಟ್ಟಿದಂದಿನಿಂದ ಒಳಗೆ ಸೀಟಿ ಊದುತ್ತಿದ್ದದ್ದು, ಕಿರ್ರೆನ್ನುತ್ತಿದ್ದದ್ದು ಇಲ್ಲ. ಅಡುಗೆಮನೆಯ ನಡುವೆ ನಿಂತು ಉಸಿರೆಳೆದ. ಗಾಳಿ ಕೆಳಗೆ, ಇನ್ನೂ ಕೆಳಗೆ, ಅವನು ಎಂದೂ ಹೋಗಿರದ ಕಡೆಗೆ ಹೋಯಿತು. ಖುಷಿಯಾಗಬೇಕಿತ್ತು. ಅವನಿಗೆ ಅಪರಿಚಿತನ ಮನೆಗೆ ಬಂದು ನಿಂತ ಹಾಗಾಯಿತು. ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳಬೇಕಾದವಳು ಒಬ್ಬಳೇ, ಅವಳಿಗೆ ಹೇಳುವಂತಿರಲಿಲ್ಲ.

ಆ ಸಂಜೆ ಯಂತ್ರದ ಗುರ್ ಮುಗಿದ ಮೇಲೆ ಎತ್ನಾ ಎಣಿಸಿದಳು. ನಾಲ್ಕು ಎಳೆತ, ಮೂರು ಬಿಡುವಿಕೆ. ಅವಳು ಕೆಮ್ಮಿದಳು. ಫಿಂಟನ್‌ಗೆ ಕೆಮ್ಮು ಬರಲಿಲ್ಲ. ಆ ಕಡೆ ಅವಳು ಕಾಯುತ್ತಿದ್ದಳು. ಅವನು ಬಾಯಿಗೆ ಕೈ ಹಿಡಿದು, ಗಂಟಲು ಕೆರೆದು, ಕೆಮ್ಮಿದ.

ಹೀಗೆ ಐದು ತಿಂಗಳು. ಆರೋಗ್ಯವಂತರಾದ ಮೇಲೆ ಕಾಯಿಲೆಯ ನಾಟಕ ಆಡುವವರು ರಜೆಗಾಗಿ ಆಡುತ್ತಾರೆ, ಪಿಂಚಣಿಗಾಗಿ ಆಡುತ್ತಾರೆ. ಒಬ್ಬ ಹೆಂಗಸು ಒಂಟಿಯಾಗಿ ಕೆಮ್ಮಬಾರದೆಂದು ಆಡಿದವನು ನನಗೆ ಗೊತ್ತಿರುವಂತೆ ಇವನೊಬ್ಬನೇ. ಹಗಲು ಅವನು ಬೆಟ್ಟ ಹತ್ತುತ್ತಿದ್ದ. ಊರ ಹಿಂದಿನ ಕೆರೆ ಸುತ್ತ ನಾಲ್ಕು ಮೈಲಿ ನಡೆದು, ಕೆನ್ನೆ ಕೆಂಪಾಗಿ, ಒಬ್ಬನೇ ಬೆಂಚಿನ ಮೇಲೆ ಕೂತು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಮುಂದೆ ಇಷ್ಟು ವರ್ಷ ಬದುಕು ಇದ್ದರೆ ಅದರಲ್ಲಿ ಏನು ತುಂಬುವುದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಸಾಯಲು ತಯಾರಾಗಿದ್ದ ಮನುಷ್ಯ ಅವನು, ಆ ಕೆಲಸದಲ್ಲಿ ಪಳಗಿದ್ದ. ಈಗ ಅದೂ ಕೈತಪ್ಪಿತು. ಆರೂ ಐವತ್ತಕ್ಕೆ ಮನೆಗೆ ಓಡಿಬಂದು, ಬೇಡದ ಯಂತ್ರಕ್ಕೆ ಬರಿ ಉಪ್ಪುನೀರು ತುಂಬಿ ಗುರ್ರೆನ್ನಿಸುತ್ತಿದ್ದ.

ಆಚೆ ಕಡೆ ಎತ್ನಾ ಕುಗ್ಗುತ್ತಿದ್ದಳು. ಕ್ರಿಸ್‌ಮಸ್ ಹೊತ್ತಿಗೆ ಮೂಗಿಗೆ ಆಮ್ಲಜನಕದ ನಳಿಕೆ ಬಂತು. ಮಾತು ತುಂಡು ತುಂಡಾಯಿತು. ಅವಳಂಥವರಿಗೂ ಬೇರೆ ಮದ್ದು ಹುಡುಕುತ್ತಿದ್ದಾರೆ, ಪ್ರಯೋಗ ನಡೆದಿದೆ ಎಂದು ಡಾಕ್ಟರು ಹೇಳಿದರಂತೆ. "ಇನ್ನೂ ಸ್ವಲ್ಪ ಅಂದ್ರು," ಎಂದಳು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವಳು ಬಹಳ ಹೊತ್ತು ಕೆಮ್ಮಿದಳು. ಫಿಂಟನ್ ತಾನೂ ಕೆಮ್ಮಿದ, ತನ್ನ ಮೇಲೆ ತನಗೇ ಹೇಸಿಗೆ ಬಂತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಪಾಸ್ಕಲ್ ಬೇರ್ನ್ ಫೋನು ಮಾಡಿದ. ಬೆಣ್ಣೆ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು.

"ಗಂಟಲು ಕಟ್ಟಿದೆ ಫಿಂಟನ್. ಐದೂಕಾಲಿಗೆ ನೀನೇ ಬಂದು ಓದಪ್ಪ."

"ನಾನಾ? ನಂಗೆಲ್ಲಿ ಆಗುತ್ತೆ ಪಾಸ್ಕಲ್. ಮೂರನೇ ಹೆಸರಿಗೆ ಕೆಮ್ಮು ಬರುತ್ತೆ."

"ನಂಗೇನು ಕಿವಿ ಇಲ್ವಾ? ಐದು ತಿಂಗಳಿಂದ ದಿನಾ ಫೋನಲ್ಲಿ ಮಾತಾಡ್ತೀಯ. ಒಂದು ಸಲಾನೂ ಕೆಮ್ಮಿಲ್ಲ ನೀನು. ಆ ಮಾತ್ರೆ ಅಲ್ವಾ? ಹೋಗ್ಲಿ, ನಾನ್ಯಾರಿಗೂ ಹೇಳಲ್ಲ."

"ಆ ಹೊಸ ಹುಡುಗಿ ಓದ್ಲಿ."

"ಡಬ್ಲಿನ್‌ನೋಳು. ಮೊನ್ನೆ ಕ್ಲೂನ್‌ಶಾನ್‌ವಿಲ್ ಅನ್ನೋದನ್ನ ಏನೋ ಫ್ರೆಂಚ್ ಸಾರಾಯಿ ಥರ ಅಂದ್ಳು. ಸತ್ತೋರ ಹಳ್ಳಿ ಹೆಸರು ತಪ್ಪಾಗಿ ಹೇಳಿದ್ರೆ ಜನ ಮೂರು ತಲೆಮಾರು ಕ್ಷಮಿಸಲ್ಲ, ನಿಂಗೆ ಗೊತ್ತು. ಹನ್ನೊಂದು ಜನ ಇದ್ದಾರೆ ಇವತ್ತು. ಕೊರೋನಾ ಅಂತ ಅಂತ್ಯಕ್ರಿಯೆಗೆ ಹತ್ತು ಜನಕ್ಕಿಂತ ಜಾಸ್ತಿ ಬಿಡ್ತಿಲ್ಲ. ಪಾಪ, ಅವರಿಗೆ ಇದೊಂದೇ ಸಿಗೋದು."

ಅದು ನಿಜವಾಗಿತ್ತು. ಆ ದಿನಗಳಲ್ಲಿ ಶವದ ಮನೆಗೆ ಯಾರೂ ಹೋಗುವಂತಿರಲಿಲ್ಲ, ಸಾಲು ನಿಂತು ಕೈ ಕುಲುಕುವಂತಿರಲಿಲ್ಲ. ರೇಡಿಯೋದಲ್ಲಿ ಹೆಸರು ಬರುವುದೊಂದೇ ಊರು ಸತ್ತವರಿಗೆ ಕೊಡುತ್ತಿದ್ದ ಮರ್ಯಾದೆ. ಫಿಂಟನ್ ಗಡಿಯಾರ ನೋಡಿದ. ಓದಿದರೆ ಎತ್ನಾ ಕೇಳುತ್ತಾಳೆ. ಎಂಟು ನಿಮಿಷ ತಡೆಯಿಲ್ಲದೆ ಓದಿದರೆ ಎಲ್ಲ ತಿಳಿದುಕೊಳ್ಳುತ್ತಾಳೆ.

ಸ್ಟುಡಿಯೋ ಇರುವುದು ಮೊದಲನೇ ಮಹಡಿಯಲ್ಲಿ. ಹಿಂದೆ ಎರಡು ಸಲ ಕೂತು ಹತ್ತುತ್ತಿದ್ದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ. ಖಾಲಿ ಕೋಣೆ, ಮೈಕು, ತಾನೇ ಟೈಪು ಮಾಡಿದ ಎರಡು ಹಾಳೆ. ನಡುವೆ ಒಂದೆರಡು ಸಲ ಕೆಮ್ಮಿಬಿಟ್ಟರೆ ಆಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಮೊದಲ ಹೆಸರು ಒಬ್ಬ ಮುದುಕಿಯದು, ಎರಡನೆಯದು ಒಬ್ಬ ಗಾರೆ ಕೆಲಸದವನದು. ಮೂರನೆಯದಕ್ಕೆ ಬಂದಾಗ ಕೆಮ್ಮಲು ಬಾಯಿಯ ಹತ್ತಿರ ಕೈ ತಂದ. ಅದು ಆರು ವಾರದ ಕೂಸು, ಹಳ್ಳಿಯ ಹೆಸರು ನೋಕ್‌ನಶೀ, ತಂದೆ ತಾಯಿ ಈಗ ಅಡುಗೆಮನೆಯಲ್ಲಿ ರೇಡಿಯೋದ ಮುಂದೆ ನಿಂತಿರುತ್ತಾರೆ. ಆ ಹೆಸರಿನ ಮೇಲೆ ಸುಳ್ಳು ಕೆಮ್ಮು ಕೆಮ್ಮಲು ಅವನಿಂದಾಗಲಿಲ್ಲ. ಕೈ ಕೆಳಗಿಟ್ಟ. ಹನ್ನೊಂದೂ ಹೆಸರು, ಹನ್ನೊಂದೂ ಹಳ್ಳಿ, ಒಂದೂ ತಡವರಿಸದೆ, ನಿಧಾನವಾಗಿ, ಸ್ಪಷ್ಟವಾಗಿ ಓದಿ ಮುಗಿಸಿದ.

ಮನೆಗೆ ಬಂದು ಕೋಟು ಕೂಡ ತೆಗೆಯದೆ ಕೂತ. ನೆಬ್ಯುಲೈಸರ್ ಹೊರಗೆ ತೆಗೆಯಲಿಲ್ಲ. ಏಳಕ್ಕೆ ಅವಳು ಫೋನು ಮಾಡುವುದಿಲ್ಲ ಎಂದುಕೊಂಡ. ಏಳಾಯಿತು, ಫೋನು ಬಡಿದುಕೊಂಡಿತು.

"ಏನೋ ಟಾರ್ಪಿ."

ಇನ್ನೂ ಉಸಿರಾಡ್ತಿದ್ದೀಯಾ ಎಂದು ದಿನವೂ ಕೇಳುವವಳು ಇವತ್ತು ಕೇಳಲಿಲ್ಲ. ಆಮ್ಲಜನಕದ ಸುಸ್ ಸದ್ದು ಕೇಳುತ್ತಿತ್ತು.

"ಕೇಳಿದ್ಯಾ?" ಎಂದ ಫಿಂಟನ್.

"ಕೇಳ್ದೆ. ಪಾಸ್ಕಲ್‌ಗಿಂತ ಚೆನ್ನಾಗಿ ಓದ್ದೆ. ಅವನು ಸತ್ತೋರ್ನ ಓಲೈಸ್ತಾನೆ."

"ಎತ್ನಾ, ನಾನು ನಿಂಗೆ ಮೊದಲೇ..."

"ಅಕ್ಟೋಬರ್ ಎಂಟಕ್ಕೆ ಶುರು ಮಾಡ್ದೆ. ಹೌದಾ?"

ಫಿಂಟನ್ ಕುರ್ಚಿಯಿಂದ ಎದ್ದು ನಿಂತ.

"ನಿನ್ನ ಕೆಮ್ಮು ನಂಗೆ ಒಂಬತ್ತನೇ ವಯಸ್ಸಿಂದ ಗೊತ್ತು ಕಣೋ." ಅವಳು ಉಸಿರಿಗಾಗಿ ನಿಂತಳು. "ಕೆಳಗಿಂದ ಬರ್ತಿತ್ತು. ಬಾವಿಯಿಂದ ಬಕೆಟ್ ಎಳೆದ ಹಾಗೆ. ಒಂಬತ್ತನೇ ತಾರೀಖು ನೀನು ಕೆಮ್ಮಿದ್ದು ಪಾದ್ರಿ ಪ್ರಸಂಗಕ್ಕೆ ಮುಂಚೆ ಕೆಮ್ತಾರಲ್ಲ, ಹಂಗೆ. ಬೇರೆ ಯಾರನ್ನಾದ್ರೂ ಏಮಾರಿಸ್ಬೋದು. ನನ್ನನ್ನಾ?"

"ಮತ್ತೆ ಐದು ತಿಂಗಳು ಯಾಕೆ ಸುಮ್ನಿದ್ದೆ?"

"ಮೊದಲು ಕೋಪ ಬಂತು. ನನ್ನನ್ನ ಪಾಪ ಅಂತಾನಲ್ಲ ಅಂತ. ಒಂದು ವಾರ ಬೈಯಕ್ಕೆ ಮಾತು ಜೋಡಿಸ್ತಿದ್ದೆ. ಒಳ್ಳೊಳ್ಳೆ ಮಾತು ಸಿಕ್ಕಿದ್ವು." ಮತ್ತೆ ಸುಸ್ ಸದ್ದು. "ಆಮೇಲೆ ನೀನು ನಿಲ್ಲಿಸಿಬಿಟ್ರೆ ಅಂತ ಹೆದರಿಕೆ ಆಯ್ತು. ನೀನೂ ನಿಲ್ಲಿಸಿದ್ರೆ ಈ ದೇಶದಲ್ಲಿ ಕೆಮ್ಮೋಳು ನಾನೊಬ್ಳೇ ಅನ್ನಿಸ್ತು. ಅದಕ್ಕೆ ಹೇಳ್ಲಿಲ್ಲ. ನಿನ್ನ ಸುಳ್ಳು ನಂಗೂ ಬೇಕಾಗಿತ್ತು."

ಫಿಂಟನ್ ಅತ್ತ. ಅಳುವಾಗಲೂ ಈಗ ಕೆಮ್ಮು ಬರುತ್ತಿರಲಿಲ್ಲ, ಅಳು ಎಷ್ಟು ಬೇಕಾದರೂ ಬರುತ್ತಿತ್ತು.

"ನಾನು ಅಲ್ಲಿಗೆ ಬರ್ತೀನಿ," ಎಂದ. "ನಾಳೇನೇ ಬರ್ತೀನಿ."

"ಬಂದ್ರೆ ಅಕ್ಕನ ನಾಯಿ ಬಿಡಿಸ್ತೀನಿ. ನನ್ನೊಳಗಿರೋ ಕ್ರಿಮಿ ನಿಂಗಂಟಿದ್ರೆ ಮಾತ್ರೆ ತಿಂದಿದ್ದೆಲ್ಲ ದಂಡ. ಅಲ್ಲೇ ಬಿದ್ದಿರು."

"ಮತ್ತೆ ಏಳು ಗಂಟೆಗೆ ನಾನೇನು ಮಾಡ್ಲಿ ಎತ್ನಾ?"

 ಅವಳಿಗೆ ಕೆಮ್ಮು ಬಂತು, ಆಳದಿಂದ, ಬಿಡದೆ. ಅವನು ತುಟಿ ಕಚ್ಚಿಕೊಂಡು ಕೇಳಿದ. ಈ ಸಲ ಜೊತೆಗೆ ಕೆಮ್ಮಲಿಲ್ಲ. ಅವಳು ಒಬ್ಬಳೇ ಕೆಮ್ಮುವುದನ್ನು ಅವನು ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದ.

"ಫೋನು ಎದೆ ಮೇಲಿಡು," ಎಂದಳು ಕೊನೆಗೆ.

"ಏನು?"

"ಹೇಳಿದಷ್ಟು ಮಾಡೋ. ಬಲಗಡೆ, ಕೆಳಗೆ. ನಂಗೂ ನಿಂಗೂ ಎಲ್ಲಕ್ಕಿಂತ ಮೊದಲು ಕೆಟ್ಟಿದ್ದು ಅಲ್ಲೇ. ಇಟ್ಟು ಉಸಿರಾಡು. ಜೋರಾಗಿ ಬೇಡ. ಜನ ಉಸಿರಾಡ್ತಾರಲ್ಲ, ಹಂಗೆ."

ಅವನು ಕೋಟು ಬಿಚ್ಚಿ, ಸ್ವೆಟರ್ ಮೇಲೆತ್ತಿ, ಫೋನನ್ನು ಪಕ್ಕೆಲುಬಿಗೆ ಒತ್ತಿ ಹಿಡಿದ. ನಲವತ್ತು ವರ್ಷ ಅದೇ ಜಾಗಕ್ಕೆ ಸ್ಟೆತಾಸ್ಕೋಪು ಇಟ್ಟು ಒಳಗಿನ ಸೀಟಿ ಕೇಳಿದ ಪ್ರತಿ ಡಾಕ್ಟರ ಮುಖವೂ ಸಣ್ಣದಾಗುವುದನ್ನು ಅವನು ಕಂಡಿದ್ದ. ಉಸಿರೆಳೆದ, ಬಿಟ್ಟ. ಮನಸ್ಸಿನಲ್ಲೇ ಎಣಿಸಿ ಹತ್ತು ಸಲ ಉಸಿರಾಡಿದ. ಆಮೇಲೆ ಫೋನನ್ನು ಕಿವಿಗೆ ತಂದ.

"ಕೇಳಿಸ್ತಾ?"

ಆ ಕಡೆಯಿಂದ ಬಂದದ್ದು ಅಳುವೋ ಉಸಿರೋ ಅವನಿಗೆ ತಿಳಿಯಲಿಲ್ಲ.

"ಏನೂ ಕೇಳಿಸ್ಲಿಲ್ಲ," ಎಂದಳು ಎತ್ನಾ. "ಏನೇನೂ ಕೇಳಿಸ್ಲಿಲ್ಲ ಕಣೋ. ಇನ್ನೊಂದು ಸಲ ಇಡು."